ಕುದುರೆ ಸವಾರರ ಸೊಂಟದ ಲೆಕ್ಕ: ಬೆನ್ನು, ತೊಡೆಸಂದು, ಕಾಲು ನೋವಿನ ಮೆಕ್ಯಾನಿಕ್ಸ್



ನಮ್ಮ ಕ್ಯಾಂಪಸ್‌ನಲ್ಲಿ ಕ್ರಿಕೆಟ್ ಆಡೋರು, ಜಿಮ್‌ಗೆ ಹೋಗೋರು ಬೇಕಾದಷ್ಟು ಜನ ಇದ್ದಾರೆ. ಕುದುರೆ ಹತ್ತೋರು ಬೆರಳೆಣಿಕೆಯಷ್ಟು. ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ವಿಭಾಗದಲ್ಲಿ ಇರೋರು ಕೆಲವರು, ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಊರಾಚೆಯ ರೈಡಿಂಗ್ ಸ್ಕೂಲಿಗೆ ಹೋಗೋರು ಇನ್ನು ಕೆಲವರು. ಹಾಗಂತ ಕುದುರೆ ಸವಾರಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರನ್ನು ನಾವೆಲ್ಲ ನೋಡಿದ್ದೇವೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಮತ್ತು ತಂಡ ಎರಡೂ ವಿಭಾಗಗಳಲ್ಲಿ ಬೆಳ್ಳಿ ಗೆದ್ದರು, ಆಮೇಲೆ ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿ ಬಂದರು.

ಕುದುರೆ ಹತ್ತಿದವರು ಸೇರಿದ ಕಡೆ ಮಾತು ಸುತ್ತಿ ಬಳಸಿ ಬರೋದು ಒಂದೇ ವಿಷಯಕ್ಕೆ: ನೋವು. "ಸೊಂಟ ಹಿಡ್ಕೊಂಡಿದೆ", "ತೊಡೆ ಸೇರಿಸೋಕೆ ಆಗ್ತಿಲ್ಲ", "ಮಂಡಿ ಕಟಕಟ ಅಂತಿದೆ". ಸಾಮಾನ್ಯವಾಗಿ ಸಿಗುವ ಉತ್ತರ ಎರಡು. "ಅಭ್ಯಾಸ ಆಗುತ್ತೆ ಬಿಡು" ಅನ್ನೋದು ಒಂದು, "ಬಿಟ್ಟುಬಿಡು" ಅನ್ನೋದು ಇನ್ನೊಂದು. ಎರಡೂ ಎಲ್ಲಾ ಸಲ ಸರಿಯಲ್ಲ. ಕೆಲವು ನೋವು ನಿಜಕ್ಕೂ ಅಭ್ಯಾಸದಿಂದ ಹೋಗುತ್ತದೆ, ಕೆಲವು ನೋವಿಗೆ ಕೂರುವ ರೀತಿ ತಿದ್ದಬೇಕು, ಇನ್ನು ಕೆಲವಕ್ಕೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಯಾವುದು ಯಾವುದು ಅಂತ ಗುರುತಿಸೋದು ಹೇಗೆ ಅನ್ನೋದೇ ಈ ಪಾಠ. ನಾವು ವೈದ್ಯರಲ್ಲ. ಆದರೆ ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ ಓದಿದ್ದೇವೆ, ಅದು ಇಲ್ಲಿ ಸಾಕಷ್ಟು ಕೆಲಸಕ್ಕೆ ಬರುತ್ತದೆ.

1. ಸೊಂಟ ಅಂದ್ರೆ ಎಲ್ಲಿ?

ಮೊದಲು ಭಾಷೆಯ ತೊಡಕು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ "ಸೊಂಟ ನೋವು" ಅಂದರೆ ಬೆನ್ನಿನ ಕೆಳಭಾಗವೂ ಆಗಬಹುದು, ಪಕ್ಕದ ಮೂಳೆಯೂ ಆಗಬಹುದು, ಪಿರ್ರೆಯ ಮೇಲ್ಭಾಗವೂ ಆಗಬಹುದು. ಫಿಸಿಯೋಥೆರಪಿಸ್ಟ್ ಮುಂದೆ ಹೋಗಿ ಬರೀ "ಸೊಂಟ ನೋವು" ಅಂದರೆ ಅವರು ಇನ್ನೂ ಹತ್ತು ಪ್ರಶ್ನೆ ಕೇಳಲೇಬೇಕಾಗುತ್ತದೆ. ಆದ್ದರಿಂದ ಬೆರಳಿಟ್ಟು ತೋರಿಸಿ.

ಬೆಲ್ಟ್ ಕಟ್ಟುವ ಮಟ್ಟದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕ ಹಿಡಿದುಕೊಂಡಂತಿದ್ದರೆ ಅದು ಹೆಚ್ಚಾಗಿ ಬೆನ್ನಿನ ಸ್ನಾಯು ಮತ್ತು ಕೀಲುಗಳ ನೋವು. ತೊಡೆ ಮತ್ತು ಕಿಬ್ಬೊಟ್ಟೆ ಸೇರುವ ಸಂದಿನಲ್ಲಿ, ಆಳದಲ್ಲಿ ನೋವಿದ್ದರೆ ಅದು ತೊಡೆಯ ಕೀಲು ಅಥವಾ ಅದರ ಸುತ್ತಲಿನ ಸ್ನಾಯುಗಳದ್ದು. ಇಂಗ್ಲಿಷಿನವರು ಹಿಪ್ ಜಾಯಿಂಟ್ ಅನ್ನೋದು ಇದನ್ನೇ. ಪಿರ್ರೆಯ ನಡುವಿನಲ್ಲಿ ಶುರುವಾಗಿ ತೊಡೆಯ ಹಿಂಭಾಗದಲ್ಲಿ ಇಳಿಯುವ ನೋವು ಬೇರೆ ಜಾತಿ. ಅದರ ಮೂಲ ಬೆನ್ನಿನಿಂದ ಹೊರಡುವ ನರದಲ್ಲಿ ಇರಬಹುದು. ಒಳತೊಡೆಯ ನೋವು ಹೊಸ ಸವಾರರಿಗೆಲ್ಲ ಬರುತ್ತದೆ. ಮಂಡಿ ಮತ್ತು ಕಾಲಿನ ಗಿಣ್ಣಿನ ನೋವಿಗೆ ಬಹಳ ಸಲ ಕಾರಣ ರಿಕಾಪಿನ ಅಳತೆ.

2. ಕುದುರೆಯೂ ಒಂದು ವೈಬ್ರೇಷನ್ ಟೇಬಲ್

ಕುದುರೆಯ ನಡೆಗಳಲ್ಲಿ ಮುಖ್ಯವಾದವು ನಾಲ್ಕು. ವಾಕ್‌ನಲ್ಲಿ ನಾಲ್ಕು ಗೊರಸುಗಳೂ ಒಂದಾದ ಮೇಲೆ ಒಂದು ನೆಲಕ್ಕೆ ಬೀಳುತ್ತವೆ. ಟ್ರಾಟ್‌ನಲ್ಲಿ ಎದುರು ಮೂಲೆಯ ಎರಡು ಕಾಲು ಒಟ್ಟಿಗೆ, ಆಮೇಲೆ ಇನ್ನೆರಡು ಒಟ್ಟಿಗೆ, ಹೀಗೆ ಎರಡೇ ತಾಳ. ಕ್ಯಾಂಟರ್‌ಗೆ ಮೂರು ತಾಳ. ಗ್ಯಾಲಪ್, ಅಂದರೆ ನಾಗಾಲೋಟಕ್ಕೆ ಮತ್ತೆ ನಾಲ್ಕು.

ಇದರಲ್ಲಿ ಬೆನ್ನಿಗೆ ಹೆಚ್ಚು ಕಾಟ ಕೊಡೋದು ವೇಗದ ಗ್ಯಾಲಪ್ ಅಲ್ಲ, ಟ್ರಾಟ್. ಯಾಕೆ? ಒಂದು ಅಂದಾಜು ಲೆಕ್ಕ ಹಾಕೋಣ.

ಟ್ರಾಟ್‌ನಲ್ಲಿ ಕುದುರೆಯ ಬೆನ್ನು ಸೆಕೆಂಡಿಗೆ ಸುಮಾರು 2.5 ಸಲ ಮೇಲೆ ಕೆಳಗೆ ಆಗುತ್ತದೆ. ಒಟ್ಟು ಏರಿಳಿತ 8 ಸೆಂ.ಮೀ. ಎಂದು ಇಟ್ಟುಕೊಳ್ಳೋಣ, ಅಂದರೆ ಆಂಪ್ಲಿಟ್ಯೂಡ್ 4 ಸೆಂ.ಮೀ. ಸಿಂಪಲ್ ಹಾರ್ಮೋನಿಕ್ ಮೋಷನ್ ಅಂದುಕೊಂಡರೆ ಗರಿಷ್ಠ ವೇಗೋತ್ಕರ್ಷ ಸಿಗೋದು ಕೋನೀಯ ಆವರ್ತನದ ವರ್ಗವನ್ನು ಆಂಪ್ಲಿಟ್ಯೂಡ್‌ನಿಂದ ಗುಣಿಸಿದಾಗ. ಕೋನೀಯ ಆವರ್ತನ 2 × ಪೈ × 2.5, ಅಂದರೆ 15.7. ಅದರ ವರ್ಗ ಸುಮಾರು 246. ಅದನ್ನು 0.04ರಿಂದ ಗುಣಿಸಿದರೆ ಸುಮಾರು 9.8. ಈ ಸಂಖ್ಯೆ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಹೌದು, ಅದು ಗುರುತ್ವ ವೇಗೋತ್ಕರ್ಷ!

ಇದರ ಅರ್ಥ ಏನು? ಏರಿಳಿತದ ತುದಿಯಲ್ಲಿ ಸವಾರನಿಗೆ ತೂಕವೇ ಇಲ್ಲದಂತಾಗುತ್ತದೆ, ಜೀನಿನಿಂದ ಪಿರ್ರೆ ಎದ್ದುಬಿಡುತ್ತದೆ. ತಳದಲ್ಲಿ ತೂಕ ದುಪ್ಪಟ್ಟು. 60 ಕೆ.ಜಿ. ಇರುವವರು ಆ ಕ್ಷಣಕ್ಕೆ 120 ಕೆ.ಜಿ. ಇದ್ದಂತೆ. ಎದ್ದ ದೇಹ ಇಳಿಯುವಷ್ಟರಲ್ಲಿ ಕುದುರೆಯ ಬೆನ್ನು ಮತ್ತೆ ಮೇಲೆ ಬರುತ್ತಿರುತ್ತದೆ. ಎರಡೂ ಎದುರುಬದುರಾಗಿ "ಢಬ್". 20 ನಿಮಿಷ ಟ್ರಾಟ್ ಮಾಡಿದರೆ ಇಂಥ ಏರಿಳಿತ 3000. ಪ್ರತಿಯೊಂದರಲ್ಲೂ ಬಡಿಸಿಕೊಂಡರೆ ಸಂಜೆ ಬೆಂಚಿನ ಮೇಲೆ ಕೂರೋಕೆ ಆಗದಿರೋದರಲ್ಲಿ ಆಶ್ಚರ್ಯ ಇಲ್ಲ.

ಇನ್ನೊಂದು ವಿಷಯ. ಕೂತಿರುವ ಮನುಷ್ಯನ ಮುಂಡಭಾಗಕ್ಕೆ ಲಂಬ ದಿಕ್ಕಿನಲ್ಲಿ ತನ್ನದೇ ಅನುರಣನ ಇದೆ, ಸುಮಾರು 4ರಿಂದ 6 ಹರ್ಟ್ಸ್. ಟ್ರಾಟ್‌ನ ಮೂಲ ಆವರ್ತನ ಅದಕ್ಕಿಂತ ಕೆಳಗಿದೆ. ಆದರೆ ಮೇಲೆ ಹೇಳಿದ "ಢಬ್" ನಯವಾದ ಸೈನ್ ಅಲೆಯಲ್ಲ, ಅದರಲ್ಲಿ ಹಾರ್ಮೋನಿಕ್‌ಗಳು ತುಂಬಿರುತ್ತವೆ. ಎರಡನೆಯ ಹಾರ್ಮೋನಿಕ್ 5 ಹರ್ಟ್ಸ್, ಸರಿಯಾಗಿ ಅನುರಣನದ ನಡುಮಧ್ಯಕ್ಕೆ. ಜೀನಿನ ಜೊತೆ ಅಂಟಿಕೊಂಡು ಏರಿಳಿದರೆ ಈ ಹಾರ್ಮೋನಿಕ್‌ಗಳು ಕಡಿಮೆ. ಎದ್ದು ಬಿದ್ದರೆ ಜಾಸ್ತಿ.

ಪರಿಹಾರ ಏನು ಅಂದರೆ, ಕಲಿಯುವವರಿಗೆ ರೈಸಿಂಗ್ ಟ್ರಾಟ್. ಒಂದು ತಾಳಕ್ಕೆ ಏಳೋದು, ಮುಂದಿನದಕ್ಕೆ ಮೆಲ್ಲಗೆ ಕೂರೋದು. ಅರ್ಧ ಬಡಿತ ಅಲ್ಲೇ ಉಳಿಯಿತು. ಉಸ್ತಾದರು "ಹೊರಗಿನ ಮುಂಗಾಲು ಮುಂದೆ ಹೋದಾಗ ಏಳಿ" ಅಂತ ಹೇಳೋದು, ದಿಕ್ಕು ಬದಲಾದಾಗ ಕಾಲೂ ಬದಲಿಸಿ ಅನ್ನೋದು ಬರೀ ಶಿಸ್ತಿಗಲ್ಲ. ಯಾವಾಗಲೂ ಒಂದೇ ಕರ್ಣಕ್ಕೆ ಕೂತರೆ ಕುದುರೆಯ ಬೆನ್ನೂ ಒಂದೇ ಕಡೆ ದಣಿಯುತ್ತದೆ, ನಮ್ಮ ಸೊಂಟವೂ ಒಂದೇ ಕಡೆ ಹಿಡಿಯುತ್ತದೆ.

3. ಕುರ್ಚಿಯಲ್ಲ, ನಿಂತಂತೆ

ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಸಿನ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಸವಾರ ಕುರ್ಚಿಯಲ್ಲಿ ಕೂತ ಹಾಗೆ ಕೂರಬಾರದು, ಕಾಲು ಅಗಲಿಸಿ ನೆಟ್ಟಗೆ ನಿಂತ ಹಾಗಿರಬೇಕು ಅನ್ನೋದು ಅವನ ಸಲಹೆ. ಆಗ ಗ್ರೀಕರಿಗೆ ರಿಕಾಪೇ ಇರಲಿಲ್ಲ ಅನ್ನೋದು ನೆನಪಿರಲಿ. ಇವತ್ತಿಗೂ ಉಸ್ತಾದರು ಹೇಳೋದು ಅದನ್ನೇ: ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ, ನಾಲ್ಕೂ ಒಂದೇ ಲಂಬರೇಖೆಯಲ್ಲಿ.

ಯಾಕೆ ಅಂತ ಮೊಮೆಂಟ್ ತೆಗೆದು ನೋಡೋಣ. 60 ಕೆ.ಜಿ. ದೇಹದಲ್ಲಿ ತಲೆ, ತೋಳು, ಮುಂಡ ಸೇರಿ ಸುಮಾರು ಮೂರರಲ್ಲಿ ಎರಡು ಭಾಗ, ಅಂದರೆ 40 ಕೆ.ಜಿ., ಹತ್ತಿರ ಹತ್ತಿರ 400 ನ್ಯೂಟನ್. ಬೆನ್ನು ಗೂನಾಗಿಸಿ ಮುಂದಕ್ಕೆ ಬಾಗಿದಾಗ ಈ ತೂಕದ ಕೇಂದ್ರ ಬೆನ್ನಿನ ಕೆಳಗಿನ ಕೀಲಿನಿಂದ 15 ಸೆಂ.ಮೀ. ಮುಂದೆ ಬಂತು ಅಂದುಕೊಳ್ಳಿ. ಮೊಮೆಂಟ್ 60 ನ್ಯೂಟನ್ ಮೀಟರ್. ಅದನ್ನು ತಡೆಯಬೇಕಾದ ಬೆನ್ನಿನ ಸ್ನಾಯುವಿಗೆ ಇರುವ ಸನ್ನೆಯ ತೋಳು ಸುಮಾರು 5 ಸೆಂ.ಮೀ. ಮಾತ್ರ. ಹಾಗಾಗಿ ಅದು 1200 ನ್ಯೂಟನ್ ಎಳೆಯಬೇಕು. ಡಿಸ್ಕ್ ಮೇಲೆ ಬೀಳುವ ಒತ್ತಡ ಈ 1200ರ ಜೊತೆ ಮೇಲಿನ 400 ಸೇರಿ 1600 ನ್ಯೂಟನ್.

ನೆಟ್ಟಗೆ ಕೂತು ಆ ದೂರವನ್ನು 2 ಸೆಂ.ಮೀ.ಗೆ ಇಳಿಸಿದರೆ ಸ್ನಾಯುವಿನ ಬಲ 160, ಡಿಸ್ಕ್ ಮೇಲೆ 560 ನ್ಯೂಟನ್. ಕೂರುವ ರೀತಿ ಬದಲಿಸಿದ್ದಕ್ಕೇ ಹೊರೆ ಮೂರರಲ್ಲಿ ಒಂದಾಯಿತು. ಇದು ನಿಂತ ಕುದುರೆಯ ಲೆಕ್ಕ. ಟ್ರಾಟ್‌ನ ತಳದಲ್ಲಿ ಇದು ದುಪ್ಪಟ್ಟಾಗುತ್ತದೆ ಅನ್ನೋದನ್ನ ಮರೆಯಬೇಡಿ.

ಹಾಗಂತ ಎದೆ ಸೆಟೆಸಿ, ಸೊಂಟ ಒಳಗೆ ಬಗ್ಗಿಸಿ "ಸಾವಧಾನ್" ಭಂಗಿಯಲ್ಲಿ ಕೂರೋದೂ ತಪ್ಪು. ಆಗ ಬೆನ್ನಿನ ಹಿಂಭಾಗದ ಸಣ್ಣ ಕೀಲುಗಳು ಒಂದಕ್ಕೊಂದು ಒತ್ತುತ್ತವೆ, ಸ್ನಾಯು ಬಿಗಿಯಾಗಿ ಸ್ಪ್ರಿಂಗ್ ಹೋಗಿ ಸಲಾಕೆ ಆಗುತ್ತದೆ. ಡ್ಯಾಂಪರ್ ಇಲ್ಲದ ಗಾಡಿಯಲ್ಲಿ ಕೂತ ಹಾಗೆ. ಪಿರ್ರೆಯ ಕೆಳಗೆ ಕೈಗೆ ಸಿಗುವ ಎರಡು ಕೂರುವ ಎಲುಬುಗಳಿವೆ. ಅವೆರಡರ ಮೇಲೂ ತೂಕ ಸಮನಾಗಿ, ನೇರ ಕೆಳಕ್ಕೆ ಬೀಳಬೇಕು. ಮರದ ಬೆಂಚಿನ ಮೇಲೆ ಅಂಗೈ ಕೆಳಗಿಟ್ಟು ಕೂತರೆ ಅವು ಎಲ್ಲಿವೆ ಅಂತ ಗೊತ್ತಾಗುತ್ತದೆ. ಸೊಂಟವನ್ನು ಹಿಂದೆ ಮುಂದೆ ಓಲಾಡಿಸಿ, ನಡುವಿನ ಜಾಗ ಹುಡುಕಿ. ಅದೇ ಜೀನಿನ ಮೇಲಿನ ಜಾಗ.

4. ಕ್ಲಾಸ್‌ರೂಮಿನ ಕೊಡುಗೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳ ದಿನ ಹೇಗಿರುತ್ತೆ? ಬೆಳಗ್ಗೆಯಿಂದ ಕ್ಲಾಸು, ಮಧ್ಯಾಹ್ನ ಲ್ಯಾಬು, ರಾತ್ರಿ ಲ್ಯಾಪ್‌ಟಾಪು. ತೊಡೆ ಸದಾ ಮಡಚಿದ ಸ್ಥಿತಿಯಲ್ಲೇ. ತೊಡೆ ಮೇಲೆತ್ತುವ ಸೋಯಾಸ್ ಎಂಬ ಸ್ನಾಯು ಬೆನ್ನುಮೂಳೆಯ ಕೆಳಭಾಗದಿಂದ ಹೊರಟು ತೊಡೆಮೂಳೆಗೆ ಸೇರುತ್ತದೆ. ಅದು ಬಿಗಿಯಾಗಿದ್ದವರು ಕುದುರೆ ಮೇಲೆ ಕಾಲು ಉದ್ದಕ್ಕೆ ಇಳಿಬಿಟ್ಟಾಗ, ಸ್ನಾಯು ಬೆನ್ನುಮೂಳೆಯನ್ನೇ ಮುಂದಕ್ಕೆ ಎಳೆಯುತ್ತದೆ. ನೋವು ಕಾಣಿಸೋದು ಬೆನ್ನಿನಲ್ಲಿ, ಬಿಗಿತ ಇರೋದು ಮುಂದೆ.

ಪರೀಕ್ಷೆ ಹಾಸ್ಟೆಲ್ ಮಂಚದ ಮೇಲೇ ಮಾಡಬಹುದು. ಮಂಚದ ತುದಿಗೆ ಪಿರ್ರೆ ಬರುವಂತೆ ಅಂಗಾತ ಮಲಗಿ, ಒಂದು ಮಂಡಿಯನ್ನು ಎದೆಗೆ ಅವಚಿಕೊಳ್ಳಿ. ಇನ್ನೊಂದು ತೊಡೆ ಮಂಚದ ಮಟ್ಟಕ್ಕೆ ಇಳಿಯಬೇಕು. ಅದು ಮೇಲೇ ನಿಂತರೆ ಆ ಕಡೆ ಬಿಗಿತ ಇದೆ ಅಂತ. ಎಡ ಬಲ ಎರಡನ್ನೂ ಹೋಲಿಸಿ.

ಒಳತೊಡೆಯ ಕಥೆಯೂ ಹೀಗೇ. ಅಜ್ಜ ಅಜ್ಜಿಯರು ದಿನಾ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಊಟಕ್ಕೆ ಕೂರುತ್ತಿದ್ದರು, ತೊಡೆಯ ಕೀಲು ಅಗಲವಾಗಿ ತೆರೆಯುತ್ತಿತ್ತು. ನಾವು ಮೆಸ್ಸಿನಲ್ಲಿ ಕುರ್ಚಿ ಮೇಜಿನವರು. ವಾರಕ್ಕೆ ಒಂದು ದಿನ ಏಕಾಏಕಿ ಕುದುರೆಯ ಅಗಲಕ್ಕೆ ತೊಡೆ ತೆರೆ ಅಂದರೆ ಅದು ಪ್ರತಿಭಟಿಸುತ್ತದೆ.

5. ರಿಕಾಪು, ಜೀನು, ಪಾಕೀಟು

ವ್ಯಾಯಾಮಕ್ಕೂ ಮುಂಚೆ ಸಲಕರಣೆ ನೋಡಿ. ಇಲ್ಲಿ ಖರ್ಚಿಲ್ಲದೆ ಸರಿಹೋಗುವ ನೋವು ಬಹಳ ಇದೆ.

ರಿಕಾಪಿನ ಉದ್ದ: ನೆಲದ ಮೇಲೆ ನಿಂತು, ಪಟ್ಟಿ ಜೀನಿಗೆ ಸಿಕ್ಕಿಸಿರುವ ಕಡೆ ಬೆರಳ ತುದಿ ಇಟ್ಟು, ರಿಕಾಪನ್ನು ಕಂಕುಳಿಗೆ ಎಳೆದರೆ ಅಲ್ಲಿಗೆ ಮುಟ್ಟಬೇಕು. ಇದು ಮೊದಲ ಅಂದಾಜು. ಹತ್ತಿದ ಮೇಲೆ ಕಾಲು ಇಳಿಬಿಟ್ಟಾಗ ರಿಕಾಪಿನ ತಳ ಕಾಲಿನ ಗಿಣ್ಣಿನ ಹತ್ತಿರ ಬರಬೇಕು. ತೀರಾ ಗಿಡ್ಡ ಆದರೆ ಮಂಡಿ ಹೆಚ್ಚು ಮಡಚಿ ನೋಯುತ್ತದೆ. ತೀರಾ ಉದ್ದ ಆದರೆ ಬೆರಳ ತುದಿಯಲ್ಲಿ ರಿಕಾಪು ಹುಡುಕುತ್ತಾ ಬೆನ್ನು ಬಗ್ಗುತ್ತದೆ. ಹಾರುವ ಅಭ್ಯಾಸಕ್ಕೆ ಗಿಡ್ಡ ಮಾಡಿಕೊಳ್ಳೋದು ಸರಿ, ಆದರೆ ಆ ಭಂಗಿಗೆ ತೊಡೆ ಮತ್ತು ಬೆನ್ನಿನ ಬಲ ಬೇಕು. ಹೊಸಬರಿಗೆ ಕೆಲವೇ ನಿಮಿಷ ಸಾಕು.

ಎಡ ಬಲ ಸಮ ಇದೆಯಾ: ಎಲ್ಲರೂ ಎಡಗಡೆಯಿಂದಲೇ ಹತ್ತೋದರಿಂದ ಎಡ ಪಟ್ಟಿಯ ಚರ್ಮ ಕಾಲಕ್ರಮೇಣ ಹಿಗ್ಗುತ್ತದೆ. ರಂಧ್ರದ ಸಂಖ್ಯೆ ಎರಡೂ ಕಡೆ ಒಂದೇ ಇದ್ದರೂ ಉದ್ದ ಬೇರೆ. ಒಂದೇ ಕಡೆ ಸೊಂಟ ನೋಯುವವರು ಮೊದಲು ಟೇಪ್ ಹಿಡಿದು ಅಳೆಯಿರಿ, ಪಟ್ಟಿಗಳನ್ನು ಆಗಾಗ ಅದಲು ಬದಲು ಮಾಡಿ. ಎತ್ತರದ ಕಟ್ಟೆಯ ಮೇಲೆ ನಿಂತು ಹತ್ತಿದರೆ ಪಟ್ಟಿಗೂ ಒಳ್ಳೇದು, ಕುದುರೆಯ ಬೆನ್ನಿಗೂ, ನಿಮ್ಮ ಸೊಂಟಕ್ಕೂ.

ಹಿಮ್ಮಡಿ: "ಹಿಮ್ಮಡಿ ಕೆಳಗೆ" ಅಂದ ತಕ್ಷಣ ಬಲವಂತವಾಗಿ ತುಳಿದರೆ ಗಿಣ್ಣು ಬಿಗಿಯಾಗುತ್ತದೆ. ಸೊಂಟ, ಮಂಡಿ, ಗಿಣ್ಣು ಈ ಮೂರು ಕೀಲುಗಳೇ ನಮ್ಮ ಸಸ್ಪೆನ್ಷನ್. ಒಂದು ಲಾಕ್ ಆದರೆ ಅದರ ಪಾಲಿನ ಹೊಡೆತ ಮೇಲಿನ ಕೀಲಿಗೆ. ಹಿಮ್ಮಡಿ ತೂಕದಿಂದ ತಾನೇ ಇಳಿಯಲಿ. ಪಾದವನ್ನು ಒತ್ತಾಯವಾಗಿ ಒಳಕ್ಕೋ ಹೊರಕ್ಕೋ ತಿರುಚಬೇಡಿ, ಆ ತಿರುಚು ಮಂಡಿಗೆ ಹೋಗುತ್ತದೆ. ಮಂಡಿಯಿಂದ ಜೀನನ್ನು ಅವುಚಿ ಹಿಡಿಯೋದೂ ಬೇಡ.

ಪಾಕೀಟು: ಹಿಂದಿನ ಜೇಬಿನಲ್ಲಿ ಪರ್ಸು ಅಥವಾ ಮೊಬೈಲು ಇದ್ದರೆ ಒಂದು ಕಡೆಯ ಎಲುಬು ಎತ್ತರವಾಗಿ ಸೊಂಟ ಓರೆಯಾಗುತ್ತದೆ. ತೆಗೆದಿಟ್ಟು ಹತ್ತಿ. ಜೀನು ನಿಮಗೆ ತೀರಾ ಚಿಕ್ಕದೋ, ತೀರಾ ಅಗಲವೋ ಅನ್ನಿಸಿದರೆ ಸಂಕೋಚ ಬಿಟ್ಟು ಕೇಳಿ, ಬೇರೆ ಜೀನು ಇದ್ದರೂ ಇರಬಹುದು.

6. ವಾರದ ಅಭ್ಯಾಸ

ವಾರಕ್ಕೆ ಮೂರ್ನಾಲ್ಕು ದಿನ, 15 ನಿಮಿಷ ಸಾಕು. ಒಂದು ಚಾಪೆ ಇದ್ದರೆ ಆಯಿತು.

• ಸೋಯಾಸ್ ಸಡಿಲಿಕೆ: ಒಂದು ಮಂಡಿ ನೆಲಕ್ಕೆ, ಇನ್ನೊಂದು ಪಾದ ಮುಂದೆ. ಬೆನ್ನು ನೆಟ್ಟಗಿಟ್ಟು, ಪಿರ್ರೆ ಬಿಗಿ ಮಾಡಿ, ಸ್ವಲ್ಪ ಮುಂದಕ್ಕೆ. 30 ಸೆಕೆಂಡ್, ಪ್ರತಿ ಕಡೆ 2 ಸಲ.
• ಒಳತೊಡೆಗೆ ಬದ್ಧಕೋನಾಸನ: ಪಾದ ಪಾದ ಜೋಡಿಸಿ ಕೂತು ಮಂಡಿಗಳನ್ನು ತಾವಾಗಿ ಇಳಿಯಲು ಬಿಡಿ. ಚಿಟ್ಟೆ ರೆಕ್ಕೆ ಬಡಿದ ಹಾಗೆ ಜೋರಾಗಿ ಕುಕ್ಕಬೇಡಿ.
• ಸೇತುಬಂಧಾಸನ: ಪಿರ್ರೆಯ ಸ್ನಾಯುವಿಗೆ ಬಲ. 10 ಸಲ ಎತ್ತಿ ಇಳಿಸಿ, 2 ಸುತ್ತು.
• ಕೈ ಮಂಡಿ ಊರಿ ಬಲಗೈ ಎಡಗಾಲು, ಆಮೇಲೆ ಎಡಗೈ ಬಲಗಾಲು ಚಾಚುವುದು: ಸೊಂಟ ಅಲುಗಬಾರದು. ಬೆನ್ನ ಮೇಲೆ ಕಾಫಿ ಲೋಟ ಇದೆ ಅಂದುಕೊಳ್ಳಿ. ಪ್ರತಿ ಕಡೆ 8 ಸಲ.
• ಸೈಡ್ ಪ್ಲ್ಯಾಂಕ್: ಪ್ರತಿ ಕಡೆ 15 ಸೆಕೆಂಡಿನಿಂದ ಶುರು. ಎರಡು ಕಡೆಯ ಬಲದಲ್ಲಿ ವ್ಯತ್ಯಾಸ ಕಂಡರೆ ದುರ್ಬಲ ಕಡೆಗೆ ಒಂದು ಸುತ್ತು ಹೆಚ್ಚು.
• ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಸುವುದು: ಮೀನಖಂಡಕ್ಕೆ ಮತ್ತು ಗಿಣ್ಣಿಗೆ.

ಸವಾರಿಯ ದಿನ ಮೊದಲ 10 ನಿಮಿಷ ಬರೀ ವಾಕ್. ಅದು ಕುದುರೆಗೂ ವಾರ್ಮ್ ಅಪ್, ನಮಗೂ. ಇಳಿಯುವಾಗ ಎರಡೂ ಕಾಲನ್ನು ರಿಕಾಪಿನಿಂದ ಬಿಡಿಸಿ, ಮಂಡಿ ಸ್ವಲ್ಪ ಮಡಚಿ ನೆಲ ಮುಟ್ಟಿ. ಲಾಯದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರಿನ ಬಕೆಟ್ಟು, ಹುಲ್ಲಿನ ಕಟ್ಟು ಬಾಗಿ ತಿರುಚಿ ಎತ್ತಿದರೆ ಬೆನ್ನಿಗೆ ಏಟು ಅಲ್ಲಿಂದಲೂ ಬರುತ್ತದೆ.

7. ನೋವು ಬಂದ ಮೇಲೆ

ಹೊಸದಾಗಿ ಹತ್ತಿದ ಮೇಲೆ 1ರಿಂದ 3 ದಿನ ಸ್ನಾಯುಗಳು ನೋಯೋದು ಸಹಜ. ಎರಡೂ ಕಡೆ ಸಮನಾಗಿ, ಒತ್ತಿದರೆ ನೋಯುವ, ಓಡಾಡಿದರೆ ಸಡಿಲವಾಗುವ ನೋವು ಇದು. ಅದಕ್ಕೆ ಹಾಸಿಗೆ ಹಿಡಿಯೋದು ಬೇಡ. ಮೆಲ್ಲಗೆ ನಡೆಯಿರಿ, ಬಿಸಿನೀರು ಸ್ನಾನ ಮಾಡಿ, ನಿದ್ದೆ ಮಾಡಿ.

ಬೆನ್ನು ಹಿಡಿದುಕೊಂಡಿದ್ದರೂ ದಿನಗಟ್ಟಲೆ ಮಲಗೋದಕ್ಕಿಂತ ಸಾಧ್ಯವಾದಷ್ಟು ಓಡಾಡೋದೇ ಒಳ್ಳೆಯದು. ಸವಾರಿಗೆ ಮರಳೋದಕ್ಕೆ ಒಂದು ಸುಲಭ ಅಳತೆಗೋಲು ಇದೆ. ನೋವಿಗೆ 0ರಿಂದ 10ರ ತನಕ ಅಂಕ ಕೊಡಿ. ಸವಾರಿ ಮಾಡುವಾಗ 3 ದಾಟಬಾರದು, ಮರುದಿನ ಬೆಳಗ್ಗೆಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿದ್ದರೆ ಮುಂದಿನ ಸಲ ಸ್ವಲ್ಪ ಹೆಚ್ಚು, ಇಲ್ಲದಿದ್ದರೆ ಒಂದು ಮೆಟ್ಟಿಲು ಹಿಂದೆ. ಮೊದಲು ವಾಕ್, ಆಮೇಲೆ ರೈಸಿಂಗ್ ಟ್ರಾಟ್, ಆಮೇಲೆ ಕ್ಯಾಂಟರ್, ಕೂತು ಮಾಡುವ ಟ್ರಾಟ್ ಮತ್ತು ಹಾರುವುದು ಕೊನೆಗೆ. ನೋವಿನ ಮಾತ್ರೆ ನುಂಗಿ ಕುದುರೆ ಹತ್ತೋದು ಮಾತ್ರ ಬೇಡವೇ ಬೇಡ. ಅದು ಸರ್ಕ್ಯೂಟಿನ ಫ್ಯೂಸ್ ತೆಗೆದು ತಂತಿ ಕಟ್ಟಿದ ಹಾಗೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಲಕ್ಷಣ ಕಂಡರೆ ಸವಾರಿ ನಿಲ್ಲಿಸಿ ವೈದ್ಯರನ್ನು ನೋಡಿ: ಮಂಡಿಯಿಂದ ಕೆಳಕ್ಕೆ ಇಳಿಯುವ ನೋವು ಜೊತೆಗೆ ಜೋಮು, ಪಾದ ಎತ್ತಲು ಬಲ ಸಾಲದಿರುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರದ ಜೊತೆ ಬೆನ್ನು ನೋವು, ತೊಡೆಸಂದಿನ ನೋವಿನಿಂದ ಕುಂಟುವಂತಾಗುವುದು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಮೂತ್ರ ಬಾರದೆ ಕಟ್ಟಿದರೆ, ಜೀನಿಗೆ ತಾಗುವ ಜಾಗವೆಲ್ಲ ಮರಗಟ್ಟಿದರೆ, ನಾಳೆ ನೋಡೋಣ ಅನ್ನಬೇಡಿ, ಆ ಗಂಟೆಯೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಬೆನ್ನಿನ ಕೆಳಭಾಗದ ನರಗಳ ಗುಂಪು ಒತ್ತಿಹೋದಾಗ ಹೀಗಾಗುತ್ತದೆ, ತಡವಾದರೆ ಶಾಶ್ವತ ಹಾನಿ ಆಗಬಹುದು. ಕುದುರೆಯಿಂದ ಬಿದ್ದವರಿಗೆ ಕುತ್ತಿಗೆ ಅಥವಾ ಬೆನ್ನು ನೋವಿದ್ದರೆ ಎಬ್ಬಿಸಿ ಕೂರಿಸೋ ಆತುರ ಬೇಡ. ಅಲುಗಿಸದೆ, ಹೆಲ್ಮೆಟ್ ಕೀಳದೆ, 108ಕ್ಕೆ ಕರೆ ಮಾಡಿ.

ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಮ್ಮ ಹಾಸ್ಟೆಲಿನ ಒಬ್ಬ ಗೆಳತಿಗೆ ಕ್ಯಾಂಪ್ ಆಯ್ಕೆಗೆ ಮೂರು ವಾರ ಇರುವಾಗ ಎಡಗಾಲು ಜೋಮು ಹಿಡಿಯೋಕೆ ಶುರುವಾಯಿತು. ಹೇಳಿದರೆ ಪಟ್ಟಿಯಿಂದ ಹೆಸರು ತೆಗೀತಾರೆ ಅಂತ ಸುಮ್ಮನಿದ್ದಳು. ಒಂದು ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಕಾಲಿಂದ ಜಾರಿಹೋದದ್ದು ಅವಳ ಗಮನಕ್ಕೇ ಬರಲಿಲ್ಲ. ರೂಮ್‌ಮೇಟ್ ನೋಡಿ, ಅವಳ ಅಕ್ಕನಿಗೆ ಫೋನ್ ಮಾಡಿ, ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಿಸ್ಕ್ ನರವನ್ನು ಒತ್ತುತ್ತಿತ್ತು. ಆಪರೇಷನ್ ಬೇಕಾಗಲಿಲ್ಲ, ಆದರೆ ಆ ವರ್ಷದ ಕ್ಯಾಂಪ್ ಹೋಯಿತು. ಏಳು ತಿಂಗಳಾದ ಮೇಲೆ ಅವಳು ಮತ್ತೆ ಹತ್ತಿದಳು, ವಾಕ್‌ನಿಂದ. ವಿಷಯ ಗೊತ್ತಾದಾಗ ಉಸ್ತಾದರು ಅಂದದ್ದು ಇಷ್ಟೇ: "ಬೇಟಾ, ಕುದುರೆ ಕುಂಟಿದರೆ ನಾವು ಅವತ್ತೇ ಜೀನು ಇಳಿಸ್ತೀವಿ. ನಿಂಗ್ಯಾಕೆ ಬೇರೆ ನಿಯಮ?"

ಕುದುರೆಯ ಮಾತು ಬಂದದ್ದಕ್ಕೆ ಇದನ್ನೂ ಸೇರಿಸುತ್ತೇವೆ. ನಮ್ಮ ಸೊಂಟ ಓರೆಯಾದರೆ ಆ ಓರೆ ತೂಕ ಹೊರೋದು ಕುದುರೆಯ ಬೆನ್ನು. ಅದಕ್ಕೆ ಬಾಯಿಲ್ಲ. ನಮ್ಮ ನೋವು ಮುಚ್ಚಿಟ್ಟರೆ ಎರಡು ಬೆನ್ನು ಹಾಳಾಗುತ್ತವೆ.

ಮನೆಗೆಲಸ

1. ನಿಮ್ಮ ತೂಕ ಹಾಕಿಕೊಂಡು ಮೂರನೇ ಭಾಗದ ಲೆಕ್ಕವನ್ನು ಮತ್ತೆ ಮಾಡಿ. ಮುಂದೆ ಬಾಗುವ ದೂರ 10 ಸೆಂ.ಮೀ. ಆದರೆ ಡಿಸ್ಕ್ ಮೇಲಿನ ಬಲ ಎಷ್ಟು?
2. ಟ್ರಾಟ್‌ನ ಏರಿಳಿತ 8ರ ಬದಲು 6 ಸೆಂ.ಮೀ. ಇರುವ ನಯವಾದ ಕುದುರೆಯಾದರೆ, ಪಿರ್ರೆ ಜೀನಿನಿಂದ ಏಳುತ್ತದೆಯೇ? ಗರಿಷ್ಠ ವೇಗೋತ್ಕರ್ಷ ತೆಗೆದು ಹೇಳಿ.
3. ಇವತ್ತು ರಾತ್ರಿ ಮಂಚದ ಪರೀಕ್ಷೆ ಮಾಡಿ. ಕುದುರೆ ಹತ್ತದವರೂ ಮಾಡಿ, ಕುರ್ಚಿ ಎಲ್ಲರಿಗೂ ಒಂದೇ.